ಮೂವತ್ತೊಂದನೆಯ ವಯಸ್ಸಿನ ನಿವೃತ್ತಿ

ಸರಕಾರಿ ಶಾಲೆಯ ಮೇಷ್ಟರುಗಳಾದ ನಮಗೆ ನಿವೃತ್ತಿಯೆಂಬುದು ಹಠಾತ್ತನೆ ಬಂದೆರಗುವ ಸಂಗತಿಯಲ್ಲ. ಕೆಲಸಕ್ಕೆ ಸೇರಿದ ದಿನವೇ ಸೇವಾಪುಸ್ತಕದಲ್ಲಿ ಜನ್ಮದಿನಾಂಕ ದಾಖಲಾಗುತ್ತದೆ. ಅದಕ್ಕೆ ಇಷ್ಟು ವರ್ಷ ಕೂಡಿಸಿದರೆ ಮನೆಗೆ ಹೋಗುವ ದಿನ ತಾನಾಗಿ ತಿಳಿಯುತ್ತದೆ. ಆ ದಿನ ಶಾಲು, ಹಾರ, ಫಲತಾಂಬೂಲ, ನಾಲ್ಕು ಭಾಷಣ, ಒಂದು ಗುಂಪು ಛಾಯಾಚಿತ್ರ. ಆಮೇಲೆ ತಿಂಗಳು ತಿಂಗಳೂ ಪಿಂಚಣಿ. ಇಷ್ಟೆಲ್ಲ ಸಿದ್ಧತೆಯಿದ್ದೂ ಮರುವಾರದ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಪ್ರಾರ್ಥನೆಯ ಗಂಟೆ ಕೇಳಿಸದೆ ಚಡಪಡಿಸುವ ಪಾಡು ಎಂಥದೆಂಬುದನ್ನು ನನ್ನ ವಾರಗೆಯವರೆಲ್ಲ ಬಲ್ಲರು. ಹಾಗಿರುವಾಗ, ಹದಿನೇಳನೆಯ ವಯಸ್ಸಿನಿಂದ ಒಂದೇ ಒಂದು ವಿದ್ಯೆಯನ್ನು ಬಲ್ಲವನಾಗಿ, ಆ ವಿದ್ಯೆಯಲ್ಲಿ ತನ್ನ ದೇಶದಲ್ಲೇ ಸಾಟಿಯಿಲ್ಲದವನಾಗಿ, ಮೂವತ್ತೊಂದಕ್ಕೆ ಅದನ್ನು ಬಿಟ್ಟು ಮನೆಗೆ ಬಂದವನ ಸ್ಥಿತಿ ಹೇಗಿದ್ದೀತು? ಜಿಮ್ಮಿ ಗ್ರೀವ್ಸ್ ಎಂಬ ಇಂಗ್ಲೆಂಡಿನ ಕಾಲ್ಚೆಂಡಾಟಗಾರನ ಬಗ್ಗೆ ಓದಿದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಗ್ರೀವ್ಸ್ ಹುಟ್ಟಿದ್ದು 1940ರಲ್ಲಿ, ಲಂಡನ್ನಿನ ಪೂರ್ವಭಾಗದ ಶ್ರಮಿಕರ ಬಡಾವಣೆಯಲ್ಲಿ. ತಂದೆ ಭೂಗತ ರೈಲಿನ ನೌಕರ. 1957ರ ಆಗಸ್ಟಿನಲ್ಲಿ ಚೆಲ್ಸಿ ತಂಡದ ಪರವಾಗಿ ಮೊದಲ ಪಂದ್ಯ ಆಡಿದಾಗ ಆತನಿಗೆ ಹದಿನೇಳು. ಆ ಪಂದ್ಯದಲ್ಲೇ ಒಂದು ಗೋಲು ಹೊಡೆದ. ಮುಂದೆ ಯಾವ ತಂಡಕ್ಕೆ ಹೋದರೂ ಮೊದಲ ಪಂದ್ಯದಲ್ಲಿ ಗೋಲು ಹೊಡೆಯುವುದು ಅವನ ಪಾಲಿಗೆ ಒಂದು ಸಂಪ್ರದಾಯವೇ ಆಯಿತು. ಇಪ್ಪತ್ತು ವರ್ಷ ತುಂಬಿದ್ದಾಗಲೇ ಲೀಗಿನಲ್ಲಿ ನೂರು ಗೋಲು ಪೂರೈಸಿದ್ದ. ಅವನು ಚೆಂಡನ್ನು ಬಿರುಸಾಗಿ ಒದೆಯುತ್ತಿದ್ದವನಲ್ಲ. ಗೋಲ್‌ಕೀಪರ್ ಎಲ್ಲಿ ಇಲ್ಲವೋ ಆ ಜಾಗವನ್ನು ನೋಡಿಟ್ಟುಕೊಂಡು, ಪಕ್ಕದ ಮನೆಯವರಿಗೆ ಬಟ್ಟಲು ದಾಟಿಸುವಷ್ಟು ಸಾವಧಾನದಿಂದ ಚೆಂಡನ್ನು ಅಲ್ಲಿಗೆ ಸರಿಸಿಬಿಡುತ್ತಿದ್ದನಂತೆ. ಹಳೆಯ ಕಪ್ಪು-ಬಿಳುಪು ಚಿತ್ರಸುರುಳಿಗಳಲ್ಲಿ ಇಂದಿಗೂ ಅದನ್ನು ಕಾಣಬಹುದು. ಗೋಲು ಆದ ಮೇಲೆ ಕುಣಿತವಿಲ್ಲ, ಕೇಕೆಯಿಲ್ಲ. ತಿರುಗಿ ಮೈದಾನದ ನಡುವಿಗೆ ನಡೆದು ಬರುತ್ತಾನೆ, ಅಷ್ಟೆ.

ಅಂಕಿಸಂಖ್ಯೆಗಳನ್ನು ಒಮ್ಮೆ ಹೇಳಿ ಮುಗಿಸುತ್ತೇನೆ. ಇಂಗ್ಲೆಂಡಿನ ಉನ್ನತ ದರ್ಜೆಯ ಲೀಗಿನಲ್ಲಿ 357 ಗೋಲು. ಆ ದಾಖಲೆ ಅವನು ತೀರಿಕೊಂಡಾಗಲೂ ಅವನದೇ ಆಗಿತ್ತು. ಆರು ಋತುಗಳಲ್ಲಿ ಆ ಲೀಗಿನ ಅತಿ ಹೆಚ್ಚು ಗೋಲುಗಳ ಆಟಗಾರ. ದೇಶದ ಪರವಾಗಿ 57 ಪಂದ್ಯಗಳಲ್ಲಿ 44 ಗೋಲು. ಟಾಟನ್‌ಹ್ಯಾಮ್ ತಂಡಕ್ಕಾಗಿ 266.

1961ರ ವೃತ್ತಾಂತವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಆ ವರ್ಷದ ಜನವರಿಯವರೆಗೆ ಇಂಗ್ಲೆಂಡಿನ ವೃತ್ತಿಪರ ಆಟಗಾರನಿಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಅರುವತ್ತು ಸಾವಿರ ಜನ ದುಡ್ಡು ಕೊಟ್ಟು ನೋಡಲು ಬರುವ ಆಟಗಾರನಿಗೂ ಅಷ್ಟೇ, ಬೆಂಚಿನ ಮೇಲೆ ಕೂತವನಿಗೂ ಅದನ್ನು ಮೀರುವಂತಿಲ್ಲ. ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿ ಈ ಮಿತಿಯನ್ನು ತೆಗೆಸಿತು. ಸಂಘದ ಮುಂದಾಳಾಗಿದ್ದವನು ಜಿಮ್ಮಿ ಹಿಲ್. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. ಗ್ರೀವ್ಸ್ ಅದೇ ವರ್ಷ ಇಟಲಿಯ ಮಿಲಾನ್ ತಂಡ ಸೇರಿದ. ಅಲ್ಲಿನ ತರಬೇತುದಾರನ ಕಟ್ಟುಪಾಡು ಅವನಿಗೆ ಒಗ್ಗಲಿಲ್ಲ. ಗೋಲು ಹೊಡೆಯುತ್ತಲೇ ಇದ್ದ, ಊರನ್ನು ಹಂಬಲಿಸುತ್ತಲೂ ಇದ್ದ. ಡಿಸೆಂಬರಿಗೆ ಟಾಟನ್‌ಹ್ಯಾಮ್ ತಂಡ ಅವನನ್ನು 99,999 ಪೌಂಡಿಗೆ ಕರೆತಂದಿತು. ಲಕ್ಷಕ್ಕೆ ಒಂದು ಪೌಂಡು ಕಡಿಮೆ ಏಕೆಂದರೆ, ದೇಶದ ಮೊದಲ ಲಕ್ಷ ಪೌಂಡಿನ ಆಟಗಾರನೆಂಬ ಭಾರ ಆ ಹುಡುಗನ ಹೆಗಲಿಗೆ ಬೀಳಬಾರದೆಂದು ವ್ಯವಸ್ಥಾಪಕ ಬಿಲ್ ನಿಕೋಲ್ಸನ್ ಬಯಸಿದ್ದ. ಬೆಲೆಯಲ್ಲಿ ಒಂದು ಪೌಂಡು ಇಳಿಸಿ ಮನುಷ್ಯನೊಬ್ಬನ ಮನಸ್ಸನ್ನು ಕಾಪಾಡಹೊರಟ ಆ ಹಿರಿಯನ ವಿವೇಕ ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಮುಯ್ಯಿಯ ಲಕೋಟೆಗೆ ಒಂದು ರೂಪಾಯಿ ಹೆಚ್ಚು ಹಾಕುತ್ತೇವೆ. ಆತ ಒಂದು ಪೌಂಡು ಕಡಿಮೆ ಮಾಡಿದ. ಎರಡರ ಹಿಂದೆಯೂ ಇರುವುದು ಒಳ್ಳೆಯದಾಗಲೆಂಬ ಹಾರೈಕೆಯೇ.

ಇನ್ನು 1966. ವಿಶ್ವಕಪ್ ಇಂಗ್ಲೆಂಡಿನಲ್ಲೇ ನಡೆಯಿತು. ಜುಲೈ 20ರಂದು ಫ್ರಾನ್ಸಿನ ವಿರುದ್ಧದ ಪಂದ್ಯದಲ್ಲಿ ಎದುರಾಳಿಯ ಬೂಟು ತಾಗಿ ಗ್ರೀವ್ಸನ ಮೊಣಕಾಲಿನ ಕೆಳಗೆ ಗಾಯವಾಯಿತು. ಹದಿನಾಲ್ಕು ಹೊಲಿಗೆ ಬಿದ್ದವು. ಅವನ ಸ್ಥಾನಕ್ಕೆ ಜೆಫ್ ಹರ್ಸ್ಟ್ ಬಂದ, ಮುಂದಿನ ಪಂದ್ಯದಲ್ಲೇ ಅರ್ಜೆಂಟೀನದ ವಿರುದ್ಧ ಗೆಲುವಿನ ಗೋಲು ಹೊಡೆದ. ಜುಲೈ 30ರ ಅಂತಿಮ ಪಂದ್ಯದ ಹೊತ್ತಿಗೆ ಗಾಯ ಮಾಗಿತ್ತು. ಆದರೆ ಗೆಲ್ಲುತ್ತಿರುವ ತಂಡವನ್ನು ಒಡೆಯಲು ತರಬೇತುದಾರ ಆಲ್ಫ್ ರಾಮ್ಸೆಗೆ ಮನಸ್ಸಾಗಲಿಲ್ಲ. ಬದಲಿ ಆಟಗಾರರ ಪದ್ಧತಿಯೂ ವಿಶ್ವಕಪ್ಪಿಗೆ ಆಗಿನ್ನೂ ಬಂದಿರಲಿಲ್ಲ. ಹರ್ಸ್ಟ್ ಮೂರು ಗೋಲು ಹೊಡೆದ, ಇಂಗ್ಲೆಂಡ್ ಗೆದ್ದಿತು, ಪದಕಗಳು ಮೈದಾನದಲ್ಲಿದ್ದ ಹನ್ನೊಂದು ಜನಕ್ಕೆ ಮಾತ್ರ ಸಂದವು. ದೇಶವೆಲ್ಲ ಕುಣಿಯುತ್ತಿದ್ದ ಆ ಗಳಿಗೆಯ ಛಾಯಾಚಿತ್ರದಲ್ಲಿ ಕೋಟು-ಟೈ ತೊಟ್ಟು ಬದಿಯಲ್ಲಿ ನಿಂತಿರುವ ಗ್ರೀವ್ಸನ ಮುಖವನ್ನು ನೋಡಬೇಕು. ಅಲ್ಲಿ ಅಸೂಯೆಯೇನೂ ಕಾಣುವುದಿಲ್ಲ. ಮದುವೆ ಮನೆಯಲ್ಲಿ ತನ್ನ ಹೆಸರಿನ ಎಲೆ ಹಾಕಿಲ್ಲವೆಂದು ಅರಿತವನ ಮುಖ ಅದು.

ಅಂದು ಆಡಲಾಗದ ದುಃಖವೇ ಅವನನ್ನು ಕುಡಿತಕ್ಕೆ ನೂಕಿತೆಂದು ಬರೆಯುವವರು ಬಹಳ ಮಂದಿ. ಆತನೇ ಅದನ್ನು ಒಪ್ಪುತ್ತಿರಲಿಲ್ಲ. ಕಥೆ ಕಟ್ಟುವವರಿಗೆ ಇಂಥ ನೇರವಾದ ಗೆರೆಗಳೆಂದರೆ ಇಷ್ಟ: ಇಲ್ಲಿ ಗಾಯ, ಅಲ್ಲಿ ಬಾಟಲಿ. ಬದುಕು ಅಷ್ಟು ನೇರವಾಗಿ ಸಾಗುವುದಿಲ್ಲ. ಆಟದ ದಿನಗಳಲ್ಲೂ ಪಂದ್ಯ ಮುಗಿದ ಮೇಲೆ ಗೆಳೆಯರ ಜೊತೆ ಕುಡಿಯುವುದು ಆ ಕಾಲದ ಆಟಗಾರರ ವಾಡಿಕೆಯಾಗಿತ್ತು. 1960ರಲ್ಲಿ ಅವನ ಮೊದಲ ಗಂಡುಮಗು ನಾಲ್ಕು ತಿಂಗಳಿಗೇ ತೀರಿಕೊಂಡಿತ್ತು. ಆ ನೋವನ್ನು ಯಾವ ಅಂಕಿ ಅಂಶವೂ ಅಳೆಯಲಾರದು. 1970ರಲ್ಲಿ ಟಾಟನ್‌ಹ್ಯಾಮ್ ತಂಡ ಅವನನ್ನು ಬೇರೊಬ್ಬ ಆಟಗಾರನಿಗೆ ವಿನಿಮಯವಾಗಿ ವೆಸ್ಟ್‌ಹ್ಯಾಮ್‌ಗೆ ದಾಟಿಸಿತು. ಅಲ್ಲಿ ಮನಸ್ಸು ನಿಲ್ಲಲಿಲ್ಲ. 1971ರಲ್ಲಿ ಆಟ ಬಿಟ್ಟ.

ಹಸಿವಿನ ಭಯವಿರಲಿಲ್ಲ. ವ್ಯಾಪಾರಗಳಿದ್ದವು, ಮನೆಯಿತ್ತು, ಹೆಂಡತಿ ಮಕ್ಕಳಿದ್ದರು. ಇಲ್ಲದಿದ್ದದ್ದು ಶನಿವಾರ ಮಧ್ಯಾಹ್ನ ಮೂರು ಗಂಟೆ. ಇಂಗ್ಲೆಂಡಿನ ಪಂದ್ಯಗಳು ಆರಂಭವಾಗುವ ಹೊತ್ತು ಅದು. ಹದಿನಾಲ್ಕು ವರ್ಷ ಆ ಹೊತ್ತಿಗಾಗಿ ಮೈಮನಸ್ಸುಗಳನ್ನು ಹದಗೊಳಿಸಿಕೊಂಡವನಿಗೆ ಆ ಗಂಟೆಯೇ ಖಾಲಿಯಾಯಿತು. ಖಾಲಿಯಾದ ಜಾಗಕ್ಕೆ ಮದ್ಯ ಬಂತು. ದಿನಕ್ಕೆ ಇಪ್ಪತ್ತು ಪೈಂಟ್ ಬಿಯರ್, ಅದರ ಮೇಲೆ ಒಂದು ಬಾಟಲಿ ವೋಡ್ಕಾ ಎಂದು ಅವನೇ ಲೆಕ್ಕ ಒಪ್ಪಿಸಿದ್ದಾನೆ. ಸಂಸಾರ ಒಡೆಯಿತು, ಹೆಂಡತಿಯಿಂದ ಬೇರೆಯಾಗಬೇಕಾಯಿತು. ಮಾನಸಿಕ ಆಸ್ಪತ್ರೆಯ ವಾಸವೂ ಆಯಿತು. ಈ ನಡುವೆ ಬಾರ್ನೆಟ್ ಎಂಬ, ಲೀಗಿನಿಂದ ಹೊರಗಿನ ಪುಟ್ಟ ತಂಡಕ್ಕೆ ಆಡಿದ. ಒಂದು ಕಾಲಕ್ಕೆ ಮಿಲಾನಿನಲ್ಲಿ ಆಡಿದವನು ಕೆಲವೇ ಸಾವಿರ ಜನರ ಮುಂದೆ, ಕೆಸರು ಮೈದಾನದಲ್ಲಿ ಆಡುವುದನ್ನು ಕೆಲವರು ಪತನವೆಂದರು. ನನಗೆ ಹಾಗನ್ನಿಸುವುದಿಲ್ಲ. ಮುಳುಗುತ್ತಿರುವವನು ತನಗೆ ಗೊತ್ತಿದ್ದ ಒಂದೇ ಹಗ್ಗವನ್ನು ಹಿಡಿದ.

1978ರ ಫೆಬ್ರವರಿಯಲ್ಲಿ ಕುಡಿತ ಬಿಟ್ಟ. ಬಿಟ್ಟವನು ಸಾಯುವವರೆಗೂ ಮತ್ತೆ ಮುಟ್ಟಲಿಲ್ಲ, ನಲವತ್ತಮೂರು ವರ್ಷ. ಆ ಸುಮಾರಿಗೆ ಪತ್ರಿಕೆಗಳು ಅವನ ವ್ಯಸನವನ್ನು ಬಯಲಿಗೆಳೆದವು. ಮರುವರ್ಷ ಆತ ತಾನೇ ಒಂದು ಪುಸ್ತಕ ಬರೆದು ಎಲ್ಲವನ್ನೂ ಹೇಳಿಕೊಂಡ. ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕೆಂದು ನನ್ನ ಬಿನ್ನಹ. ಇಂದು ಖ್ಯಾತರು ತಮ್ಮ ಖಿನ್ನತೆ, ವ್ಯಸನಗಳ ಬಗ್ಗೆ ಮಾತಾಡುವುದು ಸಾಮಾನ್ಯವಾಗಿದೆ. 1979ರಲ್ಲಿ ಹಾಗಿರಲಿಲ್ಲ. ಗಂಡಸು, ಅದರಲ್ಲೂ ಕ್ರೀಡಾಪಟು, ತಾನು ಕುಡುಕನೆಂದು ತನ್ನ ಹೆಸರಿನಲ್ಲೇ ಅಚ್ಚು ಹಾಕಿಸುವುದೆಂದರೆ ಸಣ್ಣ ಮಾತಲ್ಲ. ನಮ್ಮ ಊರುಗಳಲ್ಲಿ ಈಗಲೂ ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ಕುಡಿಯುವವರ ಮನೆಯವರು 'ಅವರಿಗೆ ಮೈಗೆ ಹುಷಾರಿಲ್ಲ' ಎನ್ನುತ್ತಾರೆ, ಕೇಳಿದವರು 'ಹೌದೇ, ಪಾಪ' ಎನ್ನುತ್ತಾರೆ, ಇಬ್ಬರೂ ಸತ್ಯವನ್ನು ನಡುವೆ ಇಟ್ಟುಕೊಂಡು ಕಾಫಿ ಕುಡಿದು ಏಳುತ್ತಾರೆ. ನಾನು ಕೆಲಸ ಮಾಡಿದ ಊರೊಂದರಲ್ಲಿ ಹುಡುಗನೊಬ್ಬ ಪ್ರತಿ ಸೋಮವಾರ ಶಾಲೆಗೆ ತಪ್ಪಿಸಿಕೊಳ್ಳುತ್ತಿದ್ದ. ಭಾನುವಾರ ಸಂತೆಗೆ ಹೋದ ಅಪ್ಪನನ್ನು ಹುಡುಕಿ ಮನೆಗೆ ಕರೆತರುವುದು ಆ ಹತ್ತು ವರ್ಷದ ಮಗುವಿನ ಪಾಲಿನ ಕೆಲಸವಾಗಿತ್ತು. ಹಾಜರಿ ಪುಸ್ತಕದಲ್ಲಿ ಅದಕ್ಕೆ ಕಾರಣ ಬರೆಯುವ ಅಂಕಣವಿಲ್ಲ.

ಈಗ ಕಿರುತೆರೆಯ ಮಾತಿಗೆ ಬರೋಣ. ಆಟಗಾರರು ಟೆಲಿವಿಷನ್ನಿಗೆ ಬಂದದ್ದು ಗ್ರೀವ್ಸನಿಂದಲೇ ಮೊದಲಲ್ಲ. ಮೇಲೆ ಹೇಳಿದ ಜಿಮ್ಮಿ ಹಿಲ್ ಆಟ ಬಿಟ್ಟು, ತಂಡವೊಂದನ್ನು ನಡೆಸಿ, ಬಳಿಕ ಟೆಲಿವಿಷನ್ನಿನ ಕ್ರೀಡಾ ವಿಭಾಗದ ಮುಖ್ಯಸ್ಥನಾದ. 1970ರ ವಿಶ್ವಕಪ್ ಸಮಯದಲ್ಲಿ ಐಟಿವಿ ವಾಹಿನಿ ಆಟಗಾರರನ್ನೂ ತರಬೇತುದಾರರನ್ನೂ ಸಾಲಾಗಿ ಕೂರಿಸಿ ಚರ್ಚೆ ಮಾಡಿಸಿತಲ್ಲ, ಅದು ಅವನ ಕಾಲದ ಪ್ರಯೋಗ. ಹಿಲ್ ಮುಂದೆ ಬಿಬಿಸಿಯ 'ಮ್ಯಾಚ್ ಆಫ್ ದಿ ಡೇ' ಕಾರ್ಯಕ್ರಮದ ನಿರೂಪಕನೂ ಆದ. ಅವನದು ವಿಶ್ಲೇಷಕನ ದಾರಿ: ಬುದ್ಧಿ, ಯೋಜನೆ, ಸಂಘಟನೆ. ಗ್ರೀವ್ಸನಿಗೆ ಅದಾವುದೂ ಇರಲಿಲ್ಲ. ಆಟದ ತಂತ್ರದ ಬಗ್ಗೆ ಗಂಭೀರವಾಗಿ ಮಾತಾಡುವವರನ್ನು ಕಂಡರೆ ಅವನಿಗೆ ನಗು ಬರುತ್ತಿತ್ತು. 1980ರ ಸುಮಾರಿಗೆ ಬರ್ಮಿಂಗ್‌ಹ್ಯಾಮಿನ ಎಟಿವಿ ಎಂಬ ಪ್ರಾದೇಶಿಕ ವಾಹಿನಿ ಅವನನ್ನು ಭಾನುವಾರದ ಫುಟ್‌ಬಾಲ್ ಕಾರ್ಯಕ್ರಮಕ್ಕೆ ಕರೆಯಿತು. ಕುಡಿತ ಬಿಟ್ಟು ಎರಡೇ ವರ್ಷವಾಗಿದ್ದವನನ್ನು ಕ್ಯಾಮರಾದ ಮುಂದೆ ಕೂರಿಸಿದ ಧೈರ್ಯ ಯಾರದಿದ್ದರೂ ಅವರಿಗೆ ನಮಸ್ಕಾರ. ಲಂಡನ್ನಿನ ಶ್ರಮಿಕರ ಉಚ್ಚಾರಣೆ, ದಪ್ಪ ಮೀಸೆ, ತುಂಟ ಕಣ್ಣು. ಸೂಟುಧಾರಿಗಳ ನಡುವೆ ಅವನು ಅಂಗಡಿಕಟ್ಟೆಯ ಮೇಲೆ ಕೂತು ಹರಟುವವನಂತೆ ಕಂಡ. ಜನರಿಗೆ ಬೇಕಾದದ್ದೂ ಅದೇ.

1982ರ ವಿಶ್ವಕಪ್ಪಿನ ವೇಳೆಗೆ ದೇಶವೆಲ್ಲ ಅವನನ್ನು ನೋಡಿತು. ಟಿವಿ-ಎಎಮ್ ಎಂಬ ಬೆಳಗಿನ ವಾಹಿನಿಯಲ್ಲಿ ಅಂದಂದಿನ ಕಾರ್ಯಕ್ರಮಗಳನ್ನು ಪರಿಚಯಿಸುವ ಕೆಲಸ ಸಿಕ್ಕಿತು. ಟೆಲಿವಿಷನ್ನಿನ ಬಗ್ಗೆ ಟೆಲಿವಿಷನ್ನಿನಲ್ಲೇ ಹರಟುವ ಕೆಲಸ! 1985ರಲ್ಲಿ ಲಿವರ್‌ಪೂಲಿನ ಮಾಜಿ ಆಟಗಾರ, ಸ್ಕಾಟ್‌ಲೆಂಡಿನ ಇಯಾನ್ ಸೇಂಟ್ ಜಾನ್ ಜೊತೆಗೂಡಿ 'ಸೇಂಟ್ ಅಂಡ್ ಗ್ರೀವ್ಸಿ' ಎಂಬ ಶನಿವಾರ ಮಧ್ಯಾಹ್ನದ ಕಾರ್ಯಕ್ರಮ ಐಟಿವಿಯಲ್ಲಿ ಸ್ವತಂತ್ರವಾಗಿ ಆರಂಭವಾಯಿತು. ಆಟ ಬಿಟ್ಟ ಮೇಲೆ ಖಾಲಿಯಾಗಿ ಕಾಡಿದ ಶನಿವಾರ ಅವನಿಗೆ ಮತ್ತೆ ತುಂಬಿತು. ಮೂರು ಗಂಟೆಯ ಬದಲು ಊಟದ ಹೊತ್ತು, ಮೈದಾನದ ಬದಲು ಮೇಜು.

ಆ ಕಾರ್ಯಕ್ರಮ ಶುರುವಾದ ವರ್ಷವನ್ನು ಗಮನಿಸಬೇಕು. 1985ರ ಮೇ 11ರಂದು ಬ್ರಾಡ್‌ಫರ್ಡಿನ ಮೈದಾನಕ್ಕೆ ಬೆಂಕಿ ಬಿದ್ದು 56 ಪ್ರೇಕ್ಷಕರು ಸತ್ತರು. ಅದೇ ತಿಂಗಳ 29ರಂದು ಬ್ರಸೆಲ್ಸಿನ ಹೈಸೆಲ್ ಮೈದಾನದಲ್ಲಿ ಗಲಭೆಯಾಗಿ 39 ಜನ ಸತ್ತರು. ಇಂಗ್ಲಿಷ್ ತಂಡಗಳನ್ನು ಯೂರೋಪಿನ ಸ್ಪರ್ಧೆಗಳಿಂದ ಹೊರಗಿಟ್ಟರು. ಮರ್ಯಾದಸ್ಥರು ಮಕ್ಕಳನ್ನು ಪಂದ್ಯಕ್ಕೆ ಕಳಿಸಲು ಹೆದರುತ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ ಇಬ್ಬರು ನಡುವಯಸ್ಸಿನ ಮಾಜಿ ಆಟಗಾರರು ಮೇಜಿನ ಹಿಂದೆ ಕೂತು, ಇದು ಕೊನೆಗೂ ಒಂದು ಆಟ, ನಗಬಹುದು ಎಂದು ತೋರಿಸಿಕೊಟ್ಟರು. ಗ್ರೀವ್ಸ್ ವಾರ ವಾರವೂ ಸ್ಕಾಟ್‌ಲೆಂಡಿನ ಗೋಲ್‌ಕೀಪರುಗಳನ್ನು ಗೇಲಿ ಮಾಡುತ್ತಿದ್ದ, ಸೇಂಟ್ ಜಾನ್ ವಾರ ವಾರವೂ ಹೊಸದಾಗಿ ಕೇಳಿದವನಂತೆ ಬಿದ್ದು ಬಿದ್ದು ನಗುತ್ತಿದ್ದ. ಅಂತರ್ಜಾಲದಲ್ಲಿ ಸಿಗುವ ತುಣುಕುಗಳನ್ನು ನೋಡಿದಾಗ ಮೊದಲಿಗೆ ಇದೇನು ಹಳಸಲು ಎನ್ನಿಸಿತು. ಹತ್ತಾರು ನೋಡಿದ ಮೇಲೆ ಯಕ್ಷಗಾನದ ಹಾಸ್ಯಗಾರ ನೆನಪಾದ. ಅವನ ನಗೆಮಾತು ಪ್ರೇಕ್ಷಕರಿಗೆಲ್ಲ ಗೊತ್ತಿರುತ್ತದೆ, ಗೊತ್ತಿರುವುದರಿಂದಲೇ ಕಾಯುತ್ತಾರೆ. ಹೊಸತನ ಅಲ್ಲಿ ಮುಖ್ಯವಲ್ಲ, ಆತ ಇಂದೂ ಬಂದಿದ್ದಾನೆ ಎಂಬುದೇ ಮುಖ್ಯ. ನಿನ್ನೆ ಇಲ್ಲವಾಗಿಬಿಡಬಹುದಾಗಿದ್ದವನು ಇಂದು ಎದುರಿಗೆ ಕೂತು ನಗಿಸುತ್ತಿದ್ದಾನೆ. ಅವನ ಕಥೆ ಬಲ್ಲ ಪ್ರೇಕ್ಷಕರಿಗೆ ಆ ನಗುವಿನಲ್ಲಿ ಬೇರೆಯೇ ಒಂದು ರುಚಿ ಸಿಕ್ಕಿರಬೇಕು.

ಕಾರ್ಯಕ್ರಮದ ಖ್ಯಾತಿ ಎಷ್ಟೆಂದರೆ 1991ರಲ್ಲಿ ಇವರಿಬ್ಬರು ನ್ಯೂಯಾರ್ಕಿಗೆ ಹೋಗಿ ಲೀಗ್ ಕಪ್ಪಿನ ಎಂಟರ ಘಟ್ಟದ ಚೀಟಿ ಎತ್ತಿಸಿದರು. ಎತ್ತಿದವನು ಟ್ರಂಪ್ ಟವರಿನ ಒಡೆಯ ಡೊನಾಲ್ಡ್ ಟ್ರಂಪ್! ಸುಳ್ಳೆಂದು ತೋರುವ ಈ ಪ್ರಸಂಗದ ಚಿತ್ರಣ ಈಗಲೂ ನೋಡಲು ಸಿಗುತ್ತದೆ.

ಆದರೆ ಇದಕ್ಕೊಂದು ಬೆಲೆಯೂ ಇತ್ತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಎಂಬತ್ತರ ದಶಕದಲ್ಲಿ ಬೆಳೆದ ಮಕ್ಕಳಿಗೆ ಗ್ರೀವ್ಸ್ ಎಂದರೆ ಮೀಸೆಯ ಮಾಮ, ನಗಿಸುವವನು. 'ಸ್ಪಿಟಿಂಗ್ ಇಮೇಜ್' ಎಂಬ ಅಣಕು ಕಾರ್ಯಕ್ರಮದ ರಬ್ಬರ್ ಗೊಂಬೆ. ಇವನು ತನ್ನ ಕಾಲದಲ್ಲಿ ಗೋಲು ಹೊಡೆಯುವ ಕಲೆಯ ಪರಮಗುರುವಾಗಿದ್ದನೆಂದು ಅಪ್ಪಂದಿರು ಹೇಳಿದರೆ ಮಕ್ಕಳು ನಂಬುತ್ತಿರಲಿಲ್ಲವಂತೆ. ಅವನ ಆಟದ ಬಹುಪಾಲು ಚಿತ್ರೀಕರಣವೇ ಆಗಿರಲಿಲ್ಲ. 'ಮ್ಯಾಚ್ ಆಫ್ ದಿ ಡೇ' ಹುಟ್ಟಿದ್ದೇ 1964ರಲ್ಲಿ. ಅಂದರೆ ಟೆಲಿವಿಷನ್ನು ಅವನ ನಿಜವಾದ ವಿದ್ಯೆಯನ್ನು ಹೆಚ್ಚಾಗಿ ಕಾಣಲೇ ಇಲ್ಲ. ಅವನ ಮಾತನ್ನು ಮಾತ್ರ ಕಂಡಿತು, ಅದನ್ನೇ ಅವನೆಂದು ಲೋಕಕ್ಕೆ ಪರಿಚಯಿಸಿತು. ಈ ಅನ್ಯಾಯದ ಬಗ್ಗೆ ಆತ ದೂರಿದ್ದನ್ನು ನಾನು ಎಲ್ಲೂ ಓದಿಲ್ಲ. ಮೂವತ್ತು ವರ್ಷ ವ್ಯಾಕರಣ ಕಲಿಸಿದ ನನ್ನನ್ನು ಹಳೆಯ ವಿದ್ಯಾರ್ಥಿಗಳು ಬಸ್‌ ನಿಲ್ದಾಣದಲ್ಲಿ ಹಿಡಿದು ನಿಲ್ಲಿಸಿ, ಆ ದಿನ ತರಗತಿಗೆ ನುಗ್ಗಿದ ಮಂಗನ ಕಥೆ ಹೇಳಿ ಎನ್ನುತ್ತಾರೆ. ತತ್ಪುರುಷ, ಬಹುವ್ರೀಹಿಗಳು ಯಾರಿಗೂ ನೆನಪಿಲ್ಲ. ಹೇಳುತ್ತೇನೆ, ಸಂತೋಷವಾಗಿಯೇ ಹೇಳುತ್ತೇನೆ.

ಅವನ ನಂತರ ಇದೇ ದಾರಿಯಲ್ಲಿ ನಡೆದ ಗ್ಯಾರಿ ಲಿನೆಕರನನ್ನು ಇಲ್ಲಿ ಸ್ಮರಿಸಬೇಕು. 1986ರ ವಿಶ್ವಕಪ್ಪಿನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಆತ 1994ರಲ್ಲಿ ಆಟ ಬಿಟ್ಟು, 1999ರಿಂದ 2025ರವರೆಗೆ 'ಮ್ಯಾಚ್ ಆಫ್ ದಿ ಡೇ' ನಡೆಸಿದ. ಬಿಬಿಸಿಯಲ್ಲಿ ಅತಿ ಹೆಚ್ಚು ಸಂಭಾವನೆ ಪಡೆದವನೆನಿಸಿದ. ಅವನ ಕಾಲಕ್ಕೆ ಮೈದಾನದಿಂದ ಸ್ಟುಡಿಯೋಗೆ ಹೋಗುವುದು ಒಂದು ಹೆದ್ದಾರಿಯಾಗಿತ್ತು. ಗ್ರೀವ್ಸ್ ಬಂದದ್ದು ಹೆದ್ದಾರಿಯಲ್ಲಿ ಅಲ್ಲ, ಪ್ರಪಾತದಿಂದ ಹತ್ತಿ ಬಂದ. ಅದಕ್ಕೇ ನನಗೆ ಅವನ ಮೇಲೆ ಒಂದು ತೂಕ ಹೆಚ್ಚು ಪ್ರೀತಿ.

ಎತ್ತಿಕೊಂಡ ಟೆಲಿವಿಷನ್ನೇ ಅವನನ್ನು ಇಳಿಸಿಯೂ ಬಿಟ್ಟಿತು. 1992ರಲ್ಲಿ ಪ್ರೀಮಿಯರ್ ಲೀಗ್ ಹುಟ್ಟಿತು. ನೇರಪ್ರಸಾರದ ಹಕ್ಕು ಉಪಗ್ರಹ ವಾಹಿನಿಯಾದ ಬಿಸ್ಕೈಬಿ ಪಾಲಾಯಿತು, ಐಟಿವಿ ಬರಿಗೈಯಾಯಿತು. ಪಂದ್ಯಗಳಿಲ್ಲದ ವಾಹಿನಿಗೆ ಪಂದ್ಯಗಳ ಬಗ್ಗೆ ಹರಟುವವರೇಕೆ? 'ಸೇಂಟ್ ಅಂಡ್ ಗ್ರೀವ್ಸಿ' ನಿಂತಿತು. ಗ್ರೀವ್ಸನಿಗೆ ಆಗ ಐವತ್ತೆರಡು. ಎರಡನೆಯ ನಿವೃತ್ತಿ. ಬಾಟಲಿಗೆ ಮರಳಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಮರಳಲಿಲ್ಲ. ಪತ್ರಿಕೆಗೆ ಅಂಕಣ ಬರೆದ, ಊರೂರು ತಿರುಗಿ ನಾಟಕಶಾಲೆಗಳ ವೇದಿಕೆಯಲ್ಲಿ ಒಬ್ಬನೇ ನಿಂತು ಹಳೆಯ ಕಥೆಗಳನ್ನು ಹೇಳಿ ಜನರನ್ನು ನಗಿಸಿದ. ಮೊದಲ ನಿವೃತ್ತಿಯಲ್ಲಿ ಕಾಲು ಸೋತಾಗ ಅವನ ಬಳಿ ಬೇರೇನೂ ಇರಲಿಲ್ಲ. ಎರಡನೆಯದರಲ್ಲಿ ಮಾತು ಇತ್ತು, ಅದನ್ನು ಯಾವ ವಾಹಿನಿಯೂ ಕಿತ್ತುಕೊಳ್ಳುವಂತಿರಲಿಲ್ಲ.

2009ರಲ್ಲಿ, ನಲವತ್ತಮೂರು ವರ್ಷ ತಡವಾಗಿ, 1966ರ ತಂಡದಲ್ಲಿದ್ದೂ ಅಂತಿಮ ಪಂದ್ಯ ಆಡದವರಿಗೆ ಪ್ರಧಾನಮಂತ್ರಿಯ ನಿವಾಸದಲ್ಲಿ ಪದಕ ಕೊಟ್ಟರು. ಗ್ರೀವ್ಸ್ ಹೋಗಿ ತೆಗೆದುಕೊಂಡ. 2014ರಲ್ಲಿ ಅದು ಹರಾಜಿನಲ್ಲಿ 44,000 ಪೌಂಡಿಗೆ ಮಾರಾಟವಾಯಿತು. ಪದಕ ಮಾರಿದ್ದನ್ನು ಕೇಳಿ ಮುಖ ಸಿಂಡರಿಸುವವರಿರಬಹುದು. ಬೇಕಾದಾಗ ಬಾರದ ಪದಕ ಬೇಡವಾದಾಗ ಬಂದರೆ ಅದನ್ನು ಏನು ಮಾಡಬೇಕೆಂಬುದು ಪಡೆದವನಿಗೆ ಬಿಟ್ಟದ್ದು.

2015ರ ಮೇ ತಿಂಗಳಲ್ಲಿ ಪಾರ್ಶ್ವವಾಯು ಹೊಡೆಯಿತು. ಮೈಯ ಒಂದು ಬದಿ ನಿಶ್ಚೇಷ್ಟಿತವಾಯಿತು, ಮಾತು ಬಿದ್ದುಹೋಯಿತು. ಕಾಲು ಕೊಟ್ಟದ್ದನ್ನು ಕಳೆದುಕೊಂಡು ನಾಲಿಗೆಯಿಂದ ಬದುಕು ಮರಳಿ ಕಟ್ಟಿಕೊಂಡವನಿಗೆ ಆ ನಾಲಿಗೆಯೂ ಇಲ್ಲವಾಯಿತು. ಗಾಲಿಕುರ್ಚಿಯಲ್ಲಿದ್ದ ಅವನನ್ನು ಕೊನೆಯವರೆಗೂ ನೋಡಿಕೊಂಡವಳು ಐರಿನ್. ಕುಡಿತದ ದಿನಗಳಲ್ಲಿ ಬೇರೆಯಾಗಿ, ಕುಡಿತ ಬಿಟ್ಟ ಮೇಲೆ ಮತ್ತೆ ಜೊತೆಗೂಡಿದ್ದ ಅವನ ಹೆಂಡತಿ. 2017ರಲ್ಲಿ ಇಬ್ಬರೂ ಮತ್ತೊಮ್ಮೆ ವಿಧಿವತ್ತಾಗಿ ಮದುವೆಯಾದರು. ಯಾವ ಕ್ಯಾಮರಾಕ್ಕೂ ಅಲ್ಲಿ ಕೆಲಸವಿರಲಿಲ್ಲ.

2021ರ ಮಾರ್ಚಿನಲ್ಲಿ ಇಯಾನ್ ಸೇಂಟ್ ಜಾನ್ ತೀರಿಕೊಂಡ. ಅದೇ ವರ್ಷ ಸೆಪ್ಟೆಂಬರ್ 19, ಭಾನುವಾರ ಬೆಳಿಗ್ಗೆ, ಎಂಬತ್ತೊಂದನೆಯ ವಯಸ್ಸಿನಲ್ಲಿ ಗ್ರೀವ್ಸ್ ಹೋದ. ಅಂದು ಮಧ್ಯಾಹ್ನ ಲಂಡನ್ನಿನಲ್ಲಿ ಟಾಟನ್‌ಹ್ಯಾಮ್ ಮತ್ತು ಚೆಲ್ಸಿ ತಂಡಗಳ ಪಂದ್ಯವಿತ್ತು. ಅವನ ಮೊದಲ ತಂಡ ಮತ್ತು ಅವನು ಅತಿ ಹೆಚ್ಚು ಪ್ರೀತಿಸಲ್ಪಟ್ಟ ತಂಡ. ಆಟ ಶುರುವಾಗುವ ಮೊದಲು ಎರಡೂ ಕಡೆಯ ಬೆಂಬಲಿಗರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರಲ್ಲಿ ಅವನು ಆಡುವುದನ್ನು ಕಣ್ಣಾರೆ ಕಂಡವರು ಬೆರಳೆಣಿಕೆಯಷ್ಟು ಜನ ಇದ್ದಿರಬಹುದು, ಅವನ ನಗೆಮಾತು ಕೇಳುತ್ತ ಶನಿವಾರದ ಊಟ ಮಾಡಿದವರು ಸಾವಿರಾರು ಜನ. ಚೆಲ್ಸಿ 3-0 ಅಂತರದಿಂದ ಗೆದ್ದಿತು.